ನಾಲ್ಕನೆಯ ಗೆರೆ

ಗೋಡೆ ಹಳದಿಯಾಗಿತ್ತು. ಎಡಗಣ್ಣಿನಿಂದ ನೋಡಿದರೆ ಬಿಳಿ, ಬಲಗಣ್ಣಿನಿಂದ ನೋಡಿದರೆ ಹಳದಿ. ಅವಳು ಹಾಸಿಗೆಯ ಅಂಚಿನಲ್ಲಿ ಕೂತು, ಅಂಗೈಯನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ದಾಟಿಸುತ್ತ, ಇದನ್ನು ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ಪರೀಕ್ಷಿಸಿದಳು. ಹದಿನೈದು ದಿನದ ಹಿಂದೆ ಬಲಗಣ್ಣಿನ ಪೊರೆ ತೆಗೆದು ಒಳಗೆ ಹೊಸ ಮಸೂರ ಕೂರಿಸಿದ್ದರು. ಎಡಗಣ್ಣಿನ ಸರದಿ ಇನ್ನೂ ಬಂದಿರಲಿಲ್ಲ. ಹೀಗಾಗಿ ಸದ್ಯಕ್ಕೆ ಒಂದೇ ಮುಖದಲ್ಲಿ ಐವತ್ತೊಂಬತ್ತು ವರ್ಷದ ಒಂದು ಕಣ್ಣು, ಹದಿನೈದು ದಿನದ ಇನ್ನೊಂದು ಕಣ್ಣು. ಹೊಸ ಕಣ್ಣಿಗೆ ಎಲ್ಲವೂ ತೊಳೆದಿಟ್ಟಂತೆ ಕಾಣುತ್ತಿತ್ತು, ತೊಳೆದಿಟ್ಟದ್ದರಲ್ಲಿ ಕಲೆ ಬೇಗ ಕಣ್ಣಿಗೆ ಬೀಳುತ್ತದೆ. ನಿನ್ನೆ ಸಂಜೆ ಕಾಲೇಜಿನ ಅಟೆಂಡರ್ ತಂದುಕೊಟ್ಟಿದ್ದ ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದಳು. ಹಾಳೆ ಬಿಳಿ, ಗೋಡೆ ಹಳದಿ, ನಡುವಿನ ಅಂಚು ಸೀಸದಕಡ್ಡಿಯಿಂದ ಎಳೆದಷ್ಟು ಸ್ಪಷ್ಟ. ಕಣ್ಣು ಬದಲಿಸಿದಳು, ಅಂಚು ಮಾಯವಾಯಿತು. ಮತ್ತೆ ಬದಲಿಸಿದಳು, ಬಂತು. ಹಾಳೆಯಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಬೇಕಾದ ಒಬ್ಬ ಬೋಧಕಿಯ ಹುದ್ದೆಗೆ ಬಂದ ನಾಲ್ಕು ಅರ್ಜಿಗಳ ಪಟ್ಟಿ ಇತ್ತು. ಇಲಾಖೆಯ ಮುಖ್ಯಸ್ಥೆಯಾದ ಅವಳು ಪ್ರತಿಯೊಂದು ಹೆಸರಿನ ಎದುರು ತನ್ನ ಅಭಿಪ್ರಾಯ ಬರೆಯಬೇಕಿತ್ತು. ಇಲ್ಲಿಯೇ ಓದಿದವರಾಗಿದ್ದರೆ ನಡತೆಯ ಬಗ್ಗೆಯೂ ಒಂದು ಮಾತು. ಮೂರನೆಯ ಹೆಸರಿನ ಎದುರು, ಈಗಿನ ಕೆಲಸ ಎಂಬಲ್ಲಿ, ‘ಬಣ್ಣದ ಅಂಗಡಿಯಲ್ಲಿ ಬಣ್ಣ ಹೊಂದಿಸುವುದು’ ಎಂದಿತ್ತು. ಸಂದರ್ಶನ ಇವತ್ತು ಹನ್ನೆರಡಕ್ಕೆ.

ಈ ಗೋಡೆಯ ಬಣ್ಣವೂ ಅದೇ ಅಂಗಡಿಯದು. ನಾಲ್ಕು ವರ್ಷದ ಹಿಂದೆ, ಡಬ್ಬಗಳನ್ನು ಕುಲುಕುವ ಯಂತ್ರದ ಸದ್ದಿನ ನಡುವೆ, ಉದ್ದನೆಯ ಮೇಜಿನ ಆಚೆ ನಿಂತ ಹೆಂಗಸೊಬ್ಬಳು ಎರಡು ಚೂರು ರಟ್ಟಿಗೆ ಬಣ್ಣ ಬಳಿದು ಒಣಗಿಸಿ ಮುಂದಿಟ್ಟಿದ್ದಳು. ಅವಳ ಮೊಣಕೈವರೆಗೂ ಬಣ್ಣದ ಚುಕ್ಕೆಗಳು. "ಇದು ಬಿಳಿ, ಇದು ಕೆನೆ" ಎಂದಿದ್ದಳು. "ಎರಡೂ ಒಂದೇ ಅಲ್ಲವಾ" ಎಂದು ಇವಳು ಕೇಳಿದ್ದಳು. "ಒಂದೇ ಅಲ್ಲ ಮೇಡಂ." "ನನಗೂ ಕಣ್ಣಿದೆಯಮ್ಮ." ಆಗ ಆ ಹೆಂಗಸು ತಲೆಯೆತ್ತಿ, ಕೋಪವಿಲ್ಲದೆ, ಅಳತೆ ತೆಗೆಯುವವರ ಹಾಗೆ ಇವಳ ಕಣ್ಣುಗಳನ್ನೇ ನೋಡಿ, "ನಿಮಗೆ ಹೇಗೆ ಕಾಣುತ್ತೋ ಹಾಗೇ ಮೇಡಂ" ಎಂದಳು. ಆ ಮಾತಿನಲ್ಲಿಯೇ ಇವಳಿಗೆ ತನ್ನ ಹಳೆಯ ವಿದ್ಯಾರ್ಥಿನಿಯ ಗುರುತು ಹತ್ತಿದ್ದು. ಗುರುತು ಹತ್ತಿತೆಂದು ತೋರಿಸಿಕೊಳ್ಳಬಾರದೆಂಬ ಗಡಿಬಿಡಿಯಲ್ಲಿ ಕೈಗೆ ಸಿಕ್ಕ ರಟ್ಟಿನ ಮೇಲೆ ಬೆರಳಿಟ್ಟು, ಇದನ್ನೇ ಕೊಡಿ ಎಂದು ಬಿರಬಿರನೆ ಹೊರಬಂದಿದ್ದಳು. ಮನೆಗೆ ಬರುವವರೆಗೂ ಮನಸ್ಸು ಒಂದೇ ಸಮನೆ ಗೊಣಗುತ್ತಿತ್ತು: ಎಂಟು ವರ್ಷ ಕಾದು ಸೇಡು ತೀರಿಸಿಕೊಂಡಳು, ಬಿಳಿಯನ್ನು ಕೆನೆ ಎಂದು ಹೇಳಿ ನನ್ನನ್ನು ಪರೀಕ್ಷೆ ಮಾಡಿದಳು. ಗೋಡೆ ಮಾತ್ರ ಅಂದಿನಿಂದ ಇಂದಿನವರೆಗೂ ಸುಮ್ಮನೆ ಕೆನೆಯ ಬಣ್ಣವಾಗಿಯೇ ನಿಂತಿತ್ತು, ಯಾರ ಪರವೂ ವಹಿಸದೆ.

"ಹನಿ ಹಾಕ್ಕೊಂಡ್ಯಾ?" ಬಾಗಿಲಲ್ಲಿ ಅತ್ತೆ. ಎಂಬತ್ತೆರಡರ ಅತ್ತೆಗೆ ಎರಡೂ ಕಣ್ಣುಗಳ ಶಸ್ತ್ರಚಿಕಿತ್ಸೆ ಆಗಿ ಆರು ವರ್ಷವಾಗಿತ್ತು. ಆ ಲೆಕ್ಕದಲ್ಲಿ ಈ ವಿಷಯಕ್ಕೆ ಮನೆಯಲ್ಲಿ ಅವರೇ ಹಿರಿಯರು.

"ಹಾಕ್ಕೊಂಡೆ ಅತ್ತೆ. ಈ ಗೋಡೆ ಯಾವ ಬಣ್ಣ?"

"ನಾಕು ವರ್ಷದಿಂದ ಹೇಳ್ತಾ ಇದ್ದೀನಿ, ಹಳದಿ ಅಂತ. ನೀನೂ ನಿನ್ನ ಗಂಡಾನೂ ಬಿಳಿ ಬಿಳಿ ಅಂತ ನನ್ನ ಬಾಯಿ ಮುಚ್ಚಿಸಿದ್ರಿ. ನನ್ನ ಕಣ್ಣು ಆದ ಹೊಸದರಲ್ಲಿ ಹೊದಿಕೆ ಎಲ್ಲಾ ನೀಲಿ ಕಾಣ್ತಿದೆ ಕಣೇ ಅಂದ್ರೆ, ವಯಸ್ಸಾಯ್ತು ಅತ್ತೆ ಅಂದೆ ನೀನು. ಕೆಮಿಸ್ಟ್ರಿ ಓದಿದೋಳು ಹೇಳಿದ್ಮೇಲೆ ನಾನ್ಯಾವ ಲೆಕ್ಕ."

"ಹಾಗಂದಿದ್ನಾ?"

"ಅಂದಿದ್ದೆ. ಬೇಕಾದ್ರೆ ಬರ್ಕೊಡ್ತೀನಿ."

ಅತ್ತೆ ನಗುತ್ತ ಕಾಫಿ ಲೋಟ ಇಟ್ಟು ಹೋದರು. ಅವಳಿಗೆ ನಗು ಬರಲಿಲ್ಲ. ಬೇಕಾದರೆ ಬರೆದುಕೊಡುತ್ತೇನೆ. ಬರೆದುಕೊಡು ಎಂದು ತಾನೂ ಒಬ್ಬಳಿಗೆ ಹೇಳಿದ್ದಳು, ಹನ್ನೆರಡು ವರ್ಷದ ಹಿಂದೆ, ಕತ್ತಲ ಕೋಣೆಯ ಹೊರಗಿನ ಕಲ್ಲಿನ ಮೇಜಿನ ಬಳಿ, ಇಪ್ಪತ್ತು ಮಂದಿಯ ಎದುರಿಗೆ. ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು. ಹೈಡ್ರೋಜನ್ ಪರಮಾಣುವಿನಲ್ಲಿ ಇರುವುದು ಒಂದೇ ಒಂದು ಎಲೆಕ್ಟ್ರಾನ್ ಎಂದು ಅವಳು ಮೂವತ್ತು ವರ್ಷದಿಂದ ಅದೇ ಮಾತಿನಲ್ಲಿ ಪಾಠ ಆರಂಭಿಸುತ್ತಿದ್ದಳು. ಗಾಜಿನ ಕೊಳವೆಯೊಳಗಿನ ಹೈಡ್ರೋಜನ್‌ಗೆ ವಿದ್ಯುತ್ತಿನ ಪೆಟ್ಟು ಕೊಟ್ಟರೆ ಆ ಎಲೆಕ್ಟ್ರಾನ್ ಮೇಲಿನ ಕಕ್ಷೆಗೆ ಹಾರುತ್ತದೆ, ಅಲ್ಲಿ ನಿಲ್ಲಲಾರದೆ ಕೆಳಗೆ ಬೀಳುತ್ತದೆ, ಬಿದ್ದಷ್ಟಕ್ಕೂ ಲೆಕ್ಕವಾಗಿ ಬೆಳಕು ಕೊಡುತ್ತದೆ. ಮೂರರಿಂದ ಎರಡಕ್ಕೆ ಬಿದ್ದರೆ ಕೆಂಪು. ನಾಲ್ಕರಿಂದ ಎರಡಕ್ಕೆ ಬಿದ್ದರೆ ಹಸಿರು ಬೆರೆತ ನೀಲಿ. ಐದರಿಂದ ಬಿದ್ದರೆ ಕಡು ನೀಲಿ. ಆರರಿಂದ ಬಿದ್ದರೆ ನೇರಳೆ. ಕತ್ತಲ ಕೋಣೆಯಲ್ಲಿ, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರಿನ ಕಿಂಡಿಗೆ ಕಣ್ಣಿಟ್ಟರೆ ಒಂದೊಂದು ಬೀಳುವಿಕೆಯೂ ಒಂದೊಂದು ಗೆರೆ. ಎರಡು ಕಕ್ಷೆಗಳ ನಡುವೆ ಎಲೆಕ್ಟ್ರಾನಿಗೆ ಕಾಲೂರಲು ಜಾಗವಿಲ್ಲ, ನೆನಪಿಡಿ, ಐದೂವರೆ ಎಂಬುದಿಲ್ಲ. ಬೆಂಚುಗಳಲ್ಲಿ ಪೆನ್ನುಗಳು ಓಡುತ್ತಿದ್ದವು. ಪುಸ್ತಕದ ಪ್ರಕಾರ ಗೆರೆಗಳು ನಾಲ್ಕು. ಆದರೆ ನಮ್ಮ ಕೊಳವೆ ಹಳೆಯದು, ನೇರಳೆ ಕಾಣುವುದಿಲ್ಲ, ಮೂರನ್ನು ಬರೆದರೆ ಸಾಕು. ಹೀಗೆಂದು ಮೊದಲ ಸಲ ಹೇಳಿದ್ದು ಯಾವ ವರ್ಷವೋ. ಆಮೇಲೆ ಹೇಳುವ ಅಗತ್ಯವೇ ಬೀಳಲಿಲ್ಲ. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ಮುಂದಿನ ವರ್ಷದವರ ಕೈಗೆ ಬರುತ್ತಿತ್ತು, ಮೂರು ಗೆರೆ ಮೂರಾಗಿಯೇ ಇಳಿದು ಬರುತ್ತಿತ್ತು.

ಬಣ್ಣದ ಅಂಗಡಿಯ ಆ ಹೆಂಗಸು, ಆಗ ಇನ್ನೂ ಹುಡುಗಿ, ನಾಲ್ಕು ಬರೆದಿದ್ದಳು. ನೋಡಲು ಕಡ್ಡಿಯಂತಿದ್ದ, ಮಾತು ಕಡಿಮೆಯ, ಪ್ರಶ್ನೆ ಕೇಳಿದರೆ ಉತ್ತರಕ್ಕೆ ಮೊದಲು ಒಂದು ಗುಟುಕು ಗಾಳಿ ನುಂಗುವ ಹುಡುಗಿ. ರೆಕಾರ್ಡಿನಲ್ಲಿ, ಬೆಳಕಿನ ಅಲೆಯುದ್ದ ನ್ಯಾನೋಮೀಟರುಗಳಲ್ಲಿ, ಕೆಂಪಿಗೆ ಆರುನೂರ ಅರವತ್ತೊಂದು, ಹಸಿರು ನೀಲಿಗೆ ನಾನೂರ ತೊಂಬತ್ತು, ಕಡು ನೀಲಿಗೆ ನಾನೂರ ಮೂವತ್ತೇಳು, ಅದರ ಕೆಳಗೆ, ನೇರಳೆ, ನಾನೂರ ಹದಿಮೂರು. "ಇದು ಎಲ್ಲಿಂದ ಬಂತು?" "ಕಂಡಿತು ಮೇಡಂ." "ಪುಸ್ತಕದಲ್ಲಿ ಎಷ್ಟಿದೆ?" ಗುಟುಕು ಗಾಳಿ. "ನಾನೂರ ಹತ್ತು." "ಅಂದ್ರೆ ಸಿಕ್ಕಿಬೀಳಬಾರದು ಅಂತ ಮೂರು ಸೇರಿಸಿ ಬರೆದಿದ್ದೀಯ. ಜಾಣತನ." ಯಾರೋ ಹಿಂದೆ ಕಿಸಕ್ಕೆಂದರು. "ಇನ್ನೊಂದ್ಸಲ ನೋಡ್ತೀರಾ ಮೇಡಂ? ಅಡ್ಡತಂತಿ ಅದರ ಮೇಲೇ ಇಟ್ಟಿದ್ದೀನಿ." ಅವಳು ಒಳಗೆ ಹೋಗಿ ಬಾಗಿ ನೋಡಿದ್ದಳು. ಪ್ರಾಮಾಣಿಕವಾಗಿ ನೋಡಿದ್ದಳು, ಇದನ್ನು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಳು. ಕಿಂಡಿಯಲ್ಲಿ ಕಪ್ಪು ಬಿಟ್ಟರೆ ಏನೂ ಇರಲಿಲ್ಲ. ಹೊರಗೆ ಬಂದು ಕೆಂಪು ಪೆನ್ನಿನಿಂದ ಆ ಸಾಲನ್ನು ಗೀಚಿದ್ದಳು. ಅವಳದೇ ಒಂದು ನಿಯಮವಿತ್ತು, ಪ್ರಯೋಗಾಲಯದ ಬಾಗಿಲಿಗೆ ಬರೆದು ಅಂಟಿಸಿದ್ದು: ತಪ್ಪಾದದ್ದನ್ನು ಅಳಿಸಬೇಡಿ, ಓದಲು ಬರುವಂತೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸಹಿ ಮಾಡಿ. ಅವತ್ತು ಅವಳು ಒಂದೇ ಗೆರೆ ಹೊಡೆಯಲಿಲ್ಲ. ಹಾಳೆ ಹರಿಯುವಷ್ಟು ಒತ್ತಿ ಗೀಚಿದಳು. ಶಿಸ್ತುಕ್ರಮ ಬರೆದಿಡುವ ಕಪ್ಪು ರಟ್ಟಿನ ರಿಜಿಸ್ಟರ್ ತರಿಸಿದಳು. "ಬರ್ಕೊಡು." ಹುಡುಗಿ ನಿಂತೇ ಇದ್ದಳು. ಮಧ್ಯಾಹ್ನದ ಗಂಟೆ ಹೊಡೆಯಿತು, ಯಾರನ್ನೂ ಬಿಡಲಿಲ್ಲ. ಉಳಿದವರೆಲ್ಲ ಹಸಿವಿನಿಂದ ಆ ಹುಡುಗಿಯನ್ನು ದುರುಗುಟ್ಟಿ ನೋಡತೊಡಗಿದ ಮೇಲೆ ಅವಳು ಕೂತು, ದುಂಡನೆಯ ಅಕ್ಷರದಲ್ಲಿ, ಮೇಡಂ ಹೇಳಿಕೊಟ್ಟಂತೆಯೇ ಬರೆದಳು: ನಾನು ಕಾಣದ ಗೆರೆಯನ್ನು ಕಂಡೆನೆಂದು ಬರೆದಿದ್ದೇನೆ. ಇದು ನನ್ನ ತಪ್ಪು. ಆ ಒಂದು ಸಾಲಿನಿಂದ ಪ್ರಯೋಗದ ಅಂಕ ಹೋಯಿತು, ಅಂಕದಿಂದ ಮುಂದಿನ ಓದಿನ ಸೀಟು ಹೋಯಿತು. ಓರಗೆಯವರು ಕಾಲೇಜು ಮುಗಿಯುವವರೆಗೂ ಅವಳನ್ನು ಕರೆದದ್ದು ‘ನಾಕನೇ ಗೆರೆ’ ಎಂದು.

ಕಾಫಿ ಆರಿತ್ತು. ಅವಳು ಎದ್ದು, ಬೀರುವಿನ ಮೇಲಿನ ತಗಡಿನ ಪೆಟ್ಟಿಗೆಯನ್ನು ಕುರ್ಚಿ ಹತ್ತಿ ಇಳಿಸಿದಳು. ಭಾರ ಎತ್ತಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದ್ದು ಇಳಿಸಿದ ಮೇಲೆ ನೆನಪಾಯಿತು. ಪೆಟ್ಟಿಗೆಯ ತಳದಲ್ಲಿ ತಾನು ಅದೇ ಕಾಲೇಜಿನಲ್ಲಿ ಓದುವಾಗ ಬರೆದ ರೆಕಾರ್ಡ್ ಪುಸ್ತಕವಿತ್ತು, ಕಂದು ಹೊದಿಕೆ, ಮೂವತ್ತೇಳು ವರ್ಷದ ಹಿಂದಿನದು. ಹಾಳೆ ತಿರುಗಿಸುವಾಗ ಬೆರಳು ತಣ್ಣಗಾಗಿತ್ತು, ಯಾಕೆಂದರೆ ಅಲ್ಲೇನಿದೆಯೆಂದು ಅವಳಿಗೆ ಗೊತ್ತಿತ್ತು. ಆರುನೂರ ಅರವತ್ತೊಂದು. ನಾನೂರ ತೊಂಬತ್ತು. ನಾನೂರ ಮೂವತ್ತೇಳು. ನಾನೂರ ಹತ್ತು. ಹತ್ತಕ್ಕೆ ಹತ್ತು ಅಂಕ, ಮೇಷ್ಟರ ಸಹಿ, ಪಕ್ಕದಲ್ಲಿ ‘ಶಹಭಾಸ್’. ಆ ದಿನ ಸಾಲಿನಲ್ಲಿ ನಿಂತು ಕಿಂಡಿಗೆ ಕಣ್ಣಿಡಲು ಅವಳಿಗೆ ಸಿಕ್ಕಿದ್ದು ಒಂದೇ ನಿಮಿಷ. ಬಿಸಿಲಿನಿಂದ ಒಳಬಂದ ಕಣ್ಣು ಕತ್ತಲಿಗೆ ಒಗ್ಗುವ ಮೊದಲೇ ಹಿಂದಿದ್ದವರು ಭುಜ ತಟ್ಟಿದ್ದರು. ಮೂರು ಕಂಡಿತ್ತು. ನಾಲ್ಕನೆಯದನ್ನು ಮನೆಗೆ ಬಂದು ಪುಸ್ತಕ ನೋಡಿ ಬರೆದಿದ್ದಳು. ಹುಡುಗಿಯ ಪುಟದಲ್ಲಿ ನಾಲ್ಕು ಗೆರೆ ನೋಡಿದಾಗ ಅವಳಿಗೆ ಎಳ್ಳಷ್ಟೂ ಅನುಮಾನ ಬರದಿದ್ದುದಕ್ಕೆ ಕಾರಣ ಇದೇ. ನಾಲ್ಕನೆಯ ಗೆರೆ ಎಲ್ಲಿಂದ ಬರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬೀದಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ನಡೆದಳು. ಗೋಡೆ ಹಿಡಿದು ನಡೆ, ಆಟೋ ಸಿಕ್ಕರೆ ಹತ್ತು ಎಂದು ಅತ್ತೆ ಬಾಗಿಲವರೆಗೂ ಬಂದು ಹೇಳಿದ್ದರು. ಅವಳು ಯಾವುದನ್ನೂ ಹತ್ತಲಿಲ್ಲ. ನಡೆಯುವ ವೇಗಕ್ಕೆ ಲೆಕ್ಕ ಬಿಡಿಸಿಕೊಳ್ಳುತ್ತಿತ್ತು. ಇಲಾಖೆಯ ಸ್ಪೆಕ್ಟ್ರೋಮೀಟರಿನಲ್ಲಿ ಬೆಳಕನ್ನು ಬಿಡಿಸುವ ಗಾಜಿನ ಬಿಲ್ಲೆ, ಗ್ರೇಟಿಂಗ್, ಅವಳು ಓದುವಾಗಲೂ ಅದೇ ಇತ್ತು. ಅಂಗುಲಕ್ಕೆ ಎಷ್ಟು ಗೀರು ಎಂದು ಅದರ ಚೀಟಿಯಲ್ಲಿ ಬರೆದ ಸಂಖ್ಯೆಯೇ ಸ್ವಲ್ಪ ತಪ್ಪು, ಹಾಗಾಗಿ ಅದು ಎಲ್ಲ ಅಲೆಯುದ್ದವನ್ನೂ ಒಂದಿಷ್ಟು ಹೆಚ್ಚಿಸಿಯೇ ತೋರಿಸುತ್ತದೆ. ಕೆಂಪು ಪುಸ್ತಕದಲ್ಲಿ ಆರುನೂರ ಐವತ್ತಾರು, ಇಲ್ಲಿ ಅರವತ್ತೊಂದು. ಇಲಾಖೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ, ‘ನಮ್ಮ ಬಿಲ್ಲೆಯ ಚಾಳಿ’ ಎಂದು ನಗುತ್ತಿದ್ದರು. ಹಾಗಾದರೆ ನೇರಳೆಯನ್ನು ನಿಜವಾಗಿ ಅಳೆದವರಿಗೆ ನಾನೂರ ಹತ್ತು ಬರುವಂತೆಯೇ ಇಲ್ಲ. ಅದೇ ಚಾಳಿಯಲ್ಲಿ ನಾನೂರ ಹದಿಮೂರು ಬರಬೇಕು. ಪುಸ್ತಕದಂತೆ ಸರಿಯಾಗಿರುವುದು ಕದ್ದದ್ದು, ತಪ್ಪಾಗಿರುವುದು ಕಂಡದ್ದು. ಇಷ್ಟು ಸಣ್ಣ ಲೆಕ್ಕವನ್ನು ಹನ್ನೆರಡು ವರ್ಷದ ಹಿಂದೆ ನಿಂತ ಕಾಲಲ್ಲಿ ಮಾಡಬಹುದಿತ್ತು. ಅದಕ್ಕೆ ಕಣ್ಣು ಬೇಕಿರಲಿಲ್ಲ. ಅಡ್ಡರಸ್ತೆಯಲ್ಲಿ ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ "ಅಮ್ಮಾ, ನೋಡ್ಕೊಂಡು" ಎಂದ. ನೋಡಿಕೊಂಡೇ ಹೋಗುತ್ತಿದ್ದೇನಪ್ಪ, ಎಂದುಕೊಂಡಳು. ಆದರೆ ಲೆಕ್ಕವೆಂದರೆ ಕಾಗದ. ಕಾಗದದ ಮೇಲೆ ಹುಡುಗಿಯನ್ನು ಒಮ್ಮೆ ಕಳ್ಳಿ ಮಾಡಿದವಳು ಕಾಗದದ ಮೇಲೆಯೇ ಅವಳನ್ನು ಬಿಡಿಸುವುದು ಸಾಲದು. ಮೊದಲು ನೋಡಬೇಕು. ನೋಡದೆ ಇನ್ನೊಂದಕ್ಷರ ಬರೆಯುವುದಿಲ್ಲ.

"ರಜಾದಲ್ಲಿ ಇರೋರು ಹನ್ನೆರಡಕ್ಕೆ ಬಂದ್ರೆ ಸಾಕಿತ್ತಲ್ಲ ಮೇಡಂ" ಎಂದ ಅಟೆಂಡರ್, ಪ್ರಯೋಗಾಲಯದ ಬೀಗ ತೆಗೆಯುತ್ತ. ನಲವತ್ತೈದರ ಆಸುಪಾಸಿನ ಅವನು ಇಪ್ಪತ್ತು ವರ್ಷದಿಂದ ಇಲ್ಲಿಯೇ ಇದ್ದ. ಯಾವ ಬಾಟಲಿ ಯಾವ ಕಪಾಟಿನಲ್ಲಿದೆಯೆಂದು ಅವಳಿಗಿಂತ ಅವನಿಗೇ ಚೆನ್ನಾಗಿ ಗೊತ್ತು.

"ಹೈಡ್ರೋಜನ್ ಕೊಳವೆ ಹಚ್ಚಬೇಕು."

"ಈಗಲಾ? ಹೊಸ ಕಣ್ಣು ಹಾಕಿಸ್ಕೊಂಡೋರು ಹೊಸ ಸಿನಿಮಾ ನೋಡ್ತಾರೆ. ನೀವು ಅದೇ ಹಳೇ ಕೊಳವೆ ನೋಡ್ತೀರಿ."

"ಹಚ್ಚಯ್ಯ."

ಕತ್ತಲ ಕೋಣೆಗೆ ಕಪ್ಪು ಪರದೆ, ಅದರಾಚೆ ಇನ್ನೊಂದು ಕಪ್ಪು ಪರದೆ. ಹಳೆಯ ಮರದ ಮೇಜಿನ ವಾಸನೆ, ಬಿಸಿಯಾಗುತ್ತಿರುವ ತಂತಿಯ ವಾಸನೆ. ಕೊಳವೆ ಒಂದೆರಡು ಸಲ ತಡವರಿಸಿ ಗುಲಾಬಿ ಬಣ್ಣಕ್ಕೆ ಹತ್ತಿಕೊಂಡಿತು. ಅವಳು ಕನ್ನಡಕ ತೆಗೆದು, ಕಿಂಡಿಯ ಬಳಿ ಹೋಗದೆ, ಮೂಲೆಯ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಳು. ಹತ್ತು ನಿಮಿಷ. ಕಣ್ಣಿಗೆ ಕತ್ತಲನ್ನು ಕಲಿಸಬೇಕು. ಆಗ ಕೊಡದ ಹತ್ತು ನಿಮಿಷವನ್ನು ಈಗ ಕೊಡಬೇಕು. ಪರದೆಯಾಚೆ ಅಟೆಂಡರ್ ನಲ್ಲಿ ತಿರುಗಿಸಿ ಗಾಜಿನ ಲೋಟಗಳನ್ನು ತೊಳೆಯುವ ಸದ್ದು. ಅವನ ಸದ್ದಿನಲ್ಲಿ ಆತುರವಿರಲಿಲ್ಲ. ಕಾಣದಿದ್ದರೆ? ಈ ಪ್ರಶ್ನೆ ಬೆನ್ನಿನ ಮೇಲೆ ಹಲ್ಲಿಯಂತೆ ಹರಿಯಿತು. ಕಾಣದಿದ್ದರೆ ಎಷ್ಟು ಹಗುರ, ಎಂದು ಮನಸ್ಸಿನ ಒಂದು ಮೂಲೆ ಪಿಸುಗುಟ್ಟಿದ್ದನ್ನೂ ಅವಳು ಕೇಳಿಸಿಕೊಂಡಳು. ಕೇಳಿಸಿಕೊಂಡೆ ಎಂಬುದನ್ನು ಗುರುತು ಹಾಕಿಟ್ಟಳು. ಹತ್ತು ನಿಮಿಷವಾದ ಮೇಲೆ ಎದ್ದು, ಕೈಯಿಂದ ಮೇಜಿನ ಅಂಚು ಸವರಿಕೊಂಡು ಬಂದು, ಮೊದಲು ಎಡಗಣ್ಣನ್ನು ಕಿಂಡಿಗೆ ಇಟ್ಟಳು. ಕೆಂಪು, ರಕ್ತದ ದಾರದಂತೆ. ಕಿಂಡಿಯ ನಳಿಗೆಯನ್ನು ನಿಧಾನಕ್ಕೆ ಸರಿಸಿದಳು, ಹಸಿರು ನೀಲಿ. ಸರಿಸಿದಳು, ಕಡು ನೀಲಿ, ಮಬ್ಬು. ಸರಿಸಿದಳು, ಕಪ್ಪು. ಹನ್ನೆರಡು ವರ್ಷದ ಹಿಂದಿನ ಅದೇ ಕಪ್ಪು, ಅಷ್ಟೇ ನಿಶ್ಚಿತ, ಅಷ್ಟೇ ಪ್ರಾಮಾಣಿಕ. ನಳಿಗೆಯನ್ನು ಅಲ್ಲಾಡಿಸದೆ ತಲೆಯನ್ನು ಮಾತ್ರ ಒಂದು ಅಂಗುಲ ಸರಿಸಿ ಬಲಗಣ್ಣನ್ನು ಇಟ್ಟಳು.

ಅಲ್ಲಿತ್ತು. ಕತ್ತಲನ್ನು ಯಾರೋ ಸಪೂರ ಬ್ಲೇಡಿನಿಂದ ಮೇಲಿನಿಂದ ಕೆಳಗೆ ಕೊಯ್ದಂತೆ, ಆ ಕೊಯ್ತದ ಬಾಯಲ್ಲಿ ಅವಳು ಎಂದೂ ಕಂಡಿರದ ಬಣ್ಣ. ನೇರಳೆ ಎಂಬ ಪದವನ್ನು ಮೂವತ್ತು ವರ್ಷ ಹಲಗೆಯ ಮೇಲೆ ಬರೆದಿದ್ದಳು. ಈ ಬಣ್ಣವನ್ನು ಅಲ್ಲ. ಅದು ಕಂಪಿಸಲಿಲ್ಲ, ಅವಳು ಬಂದಳೆಂದು ಬೆಳಗಲೂ ಇಲ್ಲ. ಪ್ರತಿ ವರ್ಷ ಕೊಳವೆ ಹಚ್ಚಿದಾಗಲೆಲ್ಲ ಆರರಿಂದ ಎರಡಕ್ಕೆ ಬೀಳುತ್ತ ಬೀಳುತ್ತ ಅದು ಇಲ್ಲೇ ಇತ್ತು. ಹಳದಿಗಟ್ಟುತ್ತ ಬಂದ ಅವಳ ಕಣ್ಣಿನ ಪೊರೆಯೇ ಅದನ್ನು ಒಳಗೆ ಬಿಟ್ಟಿರಲಿಲ್ಲ. ಅಳಬಾರದು, ಕಣ್ಣಿಗೆ ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿರಲಿಲ್ಲವಾದರೂ ಅವಳು ಅಳಲಿಲ್ಲ, ಮೊದಲು ಅಳತೆ. ಅಡ್ಡತಂತಿಯನ್ನು ಗೆರೆಯ ಮೇಲೆ ತಂದು, ತಿರುಪು ಬಿಗಿದು, ಕೈದೀಪದಲ್ಲಿ ಅಂಕಿಗಳನ್ನು ಓದಿ ಬರೆದುಕೊಂಡಳು. ಎಡಬದಿ, ಬಲಬದಿ, ಮೂರು ಮೂರು ಸಲ.

"ಇಲ್ಲಿ ಬಾ. ನೋಡು. ಎಷ್ಟು ಗೆರೆ ಇದೆ ಹೇಳು."

ಅಟೆಂಡರ್ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಬಂದ. ನಳಿಗೆಯನ್ನು ಅತ್ತಿಂದಿತ್ತ ಆಡಿಸಿ, "ನಾಕು" ಎಂದ. "ಯಾವಾಗಲೂ ನಾಕೇ ಅಲ್ವಾ ಮೇಡಂ."

"ಯಾವಾಗಲೂ ಅಂದ್ರೆ?"

"ಪ್ರತಿ ವರ್ಷ ಹೊಂದಿಸಿ ಇಡೋನು ನಾನೇ ತಾನೆ. ಕೊನೇದು ಸ್ವಲ್ಪ ಮಂಕು. ಎಷ್ಟಿರಬೇಕು ಅಂತ ನನಗೇನು ಗೊತ್ತು, ನಾನೇನು ಓದಿದೋನಾ." ಆಮೇಲೆ ದನಿ ಇಳಿಸಿ, "ಆ ಹುಡುಗಿ ಗಲಾಟೆ ದಿನ ನಾನು ಇಲ್ಲೇ ಇದ್ದೆ ಮೇಡಂ. ಯಾರೂ ನನ್ನ ಕೇಳಲಿಲ್ಲ" ಎಂದ.

ಕತ್ತಲಲ್ಲಿ ತನ್ನ ಮುಖ ಅವನಿಗೆ ಕಾಣದಿರಲಿ ಎಂದಷ್ಟೇ ಅವಳು ಆಸೆಪಟ್ಟಳು. ಅವನ ಕಣ್ಣು ಎಷ್ಟು ಚೆನ್ನಾಗಿದೆಯೆಂದು ಮರುಕ್ಷಣವೇ ನೆನಪಾಗಿ ಆ ಆಸೆಯನ್ನೂ ಬಿಟ್ಟಳು.

ಪ್ರಿನ್ಸಿಪಾಲರ ಕೋಣೆಯಲ್ಲಿ ಹನ್ನೊಂದೂವರೆಗೇ ಕುರ್ಚಿಗಳನ್ನು ಜೋಡಿಸಿಟ್ಟಿದ್ದರು. ಅವಳಿಗಿಂತ ಹತ್ತು ವರ್ಷ ಚಿಕ್ಕವರಾದ ಪ್ರಿನ್ಸಿಪಾಲರು ಎದ್ದು ನಿಂತು ಕಣ್ಣಿನ ಕ್ಷೇಮ ವಿಚಾರಿಸಿದರು. ಇಲಾಖೆಯ ಕಪಾಟಿನಿಂದ ತೆಗೆದ ರಿಜಿಸ್ಟರು, ಅದರ ಜೊತೆಗೇ ಕಟ್ಟಿಟ್ಟಿದ್ದ ಹುಡುಗಿಯ ರೆಕಾರ್ಡ್ ಪುಸ್ತಕ, ಮನೆಯಿಂದ ತಂದ ತನ್ನದು, ಇನ್ನೂ ತುಂಬದ ಅರ್ಜಿಗಳ ಹಾಳೆ, ಎಲ್ಲವನ್ನೂ ಎದೆಗವಚಿಕೊಂಡು ನಿಂತ ಅವಳ ಭಂಗಿ ನೋಡಿಯೇ ಅವರಿಗೆ ಅರ್ಥವಾದಂತಿತ್ತು.

"ಆ ಮೂರನೇ ಅಭ್ಯರ್ಥಿ ವಿಷಯ ತಾನೆ? ಅಟೆಂಡರ್ ಹೇಳಿದ. ಬಿಟ್ಟುಬಿಡಿ ಮೇಡಂ. ನಡತೆ ಬಗ್ಗೆ ಏನೂ ಇಲ್ಲ ಅಂತ ಬರೀರಿ. ಆ ಪುಟ ಎಲ್ಲೋ ಕಳೆದುಹೋಯ್ತು ಅಂದ್ಕೊಳ್ಳಿ. ಅವರಿಗೂ ಒಳ್ಳೇದು, ನಿಮಗೂ ತೊಂದ್ರೆ ಇಲ್ಲ."

ಬರುವ ದಾರಿಯಲ್ಲಿ ಈ ಉಪಾಯ ಅವಳಿಗೂ ಹೊಳೆದಿತ್ತು. ಹೊಳೆದದ್ದಷ್ಟೇ ಅಲ್ಲ, ಎರಡು ಬೀದಿಗಳಷ್ಟು ದೂರ ಜೊತೆಗೇ ನಡೆದುಬಂದಿತ್ತು. ಪುಟ ಹರಿದರೆ ಸಾಕು. ಹುಡುಗಿಗೆ ಕೆಲಸ ಸಿಗುತ್ತದೆ, ತನ್ನ ನಿವೃತ್ತಿಗೆ ಉಳಿದಿರುವುದು ಏಳು ತಿಂಗಳು, ಅಲ್ಲಿಯವರೆಗೆ ಇಬ್ಬರೂ ಒಂದೇ ಪ್ರಯೋಗಾಲಯದಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಓಡಾಡಬಹುದು. "ಅವಳ ಅರ್ಜಿ ತೋರಿಸ್ತೀರಾ?" ಎಂದು ಕೇಳಿದಳು. ಪ್ರಿನ್ಸಿಪಾಲರು ಹುಡುಕಿ ಕೊಟ್ಟರು. ದುಂಡನೆಯ ಅಕ್ಷರ ಬದಲಾಗಿರಲಿಲ್ಲ. ಹಿಂದೆ ಯಾವುದಾದರೂ ಶಿಸ್ತುಕ್ರಮಕ್ಕೆ ಒಳಗಾಗಿದ್ದೀರಾ ಎಂಬಲ್ಲಿ, ಕೊಟ್ಟಿದ್ದ ಇಕ್ಕಟ್ಟಾದ ಜಾಗದಲ್ಲಿ, ಬರೆದಿತ್ತು: ಹೌದು, ಒಂದು ಸಲ, ಇದೇ ಕಾಲೇಜಿನಲ್ಲಿ. ಆದರೆ ಗೆರೆ ಇತ್ತು.

ಅವಳು ಅದನ್ನು ಒಂದು ಕಣ್ಣಿನಿಂದ ಓದಿದಳು, ಇನ್ನೊಂದರಿಂದ ಓದಿದಳು. ‘ಇಲ್ಲ’ ಎಂದು ಬರೆಯಬಹುದಿತ್ತು ಹುಡುಗಿ, ಹನ್ನೆರಡು ವರ್ಷದ ಹಳೆಯ ರಿಜಿಸ್ಟರನ್ನು ಯಾರು ತೆಗೆದು ನೋಡುತ್ತಾರೆ. ಬರೆಯಲಿಲ್ಲ. ಇನ್ನು ಈ ಪುಟ ಕಳೆದುಹೋದರೆ, ಇಲ್ಲದ ಶಿಸ್ತುಕ್ರಮವನ್ನು ಇದೆ ಎಂದು ಬರೆದವಳು ಎಂದು ಹುಡುಗಿಯೇ ಎರಡನೆಯ ಸಲ ಸುಳ್ಳಿಯಾಗುತ್ತಾಳೆ. ಐದೂವರೆಯಲ್ಲಿ ನಿಲ್ಲಲು ಜಾಗವಿಲ್ಲ.

"ಪುಟ ಕಳೆದಿಲ್ಲ ಸರ್. ಇಲ್ಲೇ ಇದೆ. ನಾನು ಸಮಿತಿ ಎದುರಿಗೆ ಮಾತಾಡಬೇಕು, ಅವಳೂ ಇರುವಾಗ."

"ನೀವು ಮಾತಾಡಿದ್ರೆ ಅದು ನಡಾವಳಿಗೆ ಹೋಗುತ್ತೆ. ಪ್ರಾಯೋಗಿಕ ಪರೀಕ್ಷಾ ಮಂಡಳಿಗೆ ಈ ಸಲ ನೀವೇ ಅಧ್ಯಕ್ಷೆ, ಮರೀಬೇಡಿ. ಏಳು ತಿಂಗಳು ಇದೆ, ಹೂವಿನ ಹಾಗೆ ಇಳಿದುಹೋಗಿ ಅಂತ ನನ್ನ ಆಸೆ."

"ಬೀಳಬೇಕಾದ ಕಡೆ ಬಿದ್ದೇ ಹೋಗ್ತೀನಿ ಸರ್" ಎಂದಳು. ಪ್ರಿನ್ಸಿಪಾಲರು ಅದು ತಮಾಷೆಯೋ ಅಲ್ಲವೋ ತಿಳಿಯದೆ ಅರ್ಧ ನಕ್ಕರು.

ಹನ್ನೆರಡೂ ಇಪ್ಪತ್ತಕ್ಕೆ ಮೂರನೆಯ ಅಭ್ಯರ್ಥಿ ಒಳಗೆ ಬಂದಳು. ಇನ್ನೂ ಸಪೂರವೇ, ಕಿವಿಯ ಬಳಿ ಒಂದೆರಡು ಬಿಳಿಕೂದಲು. ಕೈಯನ್ನು ಚೆನ್ನಾಗಿ ಉಜ್ಜಿ ತೊಳೆದು ಬಂದಿದ್ದಳು. ಆದರೂ ಉಗುರಿನ ಸಂದಿಯಲ್ಲಿ ಹಸಿರು ಉಳಿದಿತ್ತು. ಅದು ತನಗೆ ಬಲಗಣ್ಣಿನಿಂದಾಗಿ ಕಂಡದ್ದು ಎಂದುಕೊಂಡು ಅವಳು ತನ್ನ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಬೇರೆ ಕಾಲೇಜಿನಿಂದ ಬಂದಿದ್ದ ಸದಸ್ಯರು ಬಾಯಿ ತೆರೆಯುವ ಮೊದಲೇ, "ಒಂದು ನಿಮಿಷ" ಎಂದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಆ ಕ್ಷಣದಲ್ಲಿ ಕೈಕೊಟ್ಟವು. ಹೀಗಾಗಿ ಪಾಠ ಹೇಳುವ ದನಿಯಲ್ಲಿಯೇ ಹೇಳಿದಳು. ಎರಡು ಪುಸ್ತಕ ತೆರೆದು ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟಳು. "ಇದು ಇವರದು, ಹನ್ನೆರಡು ವರ್ಷದ ಹಿಂದಿನದು. ಕೆಂಪು ಶಾಯಿ ನನ್ನದು. ಗೀಚಿದ್ದರ ಅಡಿಯಲ್ಲಿ ಬೆಳಕಿಗೆ ಹಿಡಿದರೆ ನಾನೂರ ಹದಿಮೂರು ಅಂತ ಇದೆ. ಇದು ನನ್ನದು, ನಾನು ಓದುವಾಗಿನದು. ಮೊದಲ ಮೂರು ಅಂಕಿ ಎರಡರಲ್ಲೂ ಒಂದೇ, ಯಾಕೆಂದರೆ ಯಂತ್ರ ಒಂದೇ, ಅದರ ತಪ್ಪೂ ಒಂದೇ. ನಾಲ್ಕನೆಯದು ಮಾತ್ರ ಬೇರೆ. ನನ್ನದು ಪುಸ್ತಕದ ಅಂಕಿ. ಇವರದು ಯಂತ್ರದ ಅಂಕಿ. ಇಬ್ಬರಲ್ಲಿ ಒಬ್ಬರು ನೋಡದೆ ಬರೆದಿದ್ದಾರೆ. ಅದು ಇವರಲ್ಲ."

ಹೊರಗಿನ ಸದಸ್ಯರು ಎರಡೂ ಪುಟಗಳ ಮೇಲೆ ಬಾಗಿ, ಬೆರಳಿನಿಂದ ಒಂದೊಂದೇ ಅಂಕಿ ಮುಟ್ಟುತ್ತ ಹೋದರು. "ಇದು ನಡಾವಳಿಯಲ್ಲಿ ಬರೀಬೇಕಾ?" ಎಂದು ಅವರು ಕೇಳಿದ್ದು ಪ್ರಿನ್ಸಿಪಾಲರನ್ನು, ಉತ್ತರ ಕೊಟ್ಟದ್ದು ಅವಳು. "ಬರೀಬೇಕು. ಇವತ್ತು ಬೆಳಿಗ್ಗೆ ನಾನು ಗೆರೆ ನೋಡಿದೆ, ಅಳೆದೆ. ಇಷ್ಟು ವರ್ಷ ನನಗೆ ಕಾಣಲಿಲ್ಲ ಅನ್ನೋದು ಕಣ್ಣಿನ ದೋಷ. ಕಂಡವರನ್ನು ಕಳ್ಳರು ಅಂದದ್ದು ಕಣ್ಣಿನ ದೋಷ ಅಲ್ಲ."

ಮುಖ ಸುಡುತ್ತಿತ್ತು. ಕಿವಿಯಲ್ಲಿ ಹನ್ನೆರಡು ವರ್ಷದ ಹಿಂದಿನ ಆ ಕಿಸಕ್ಕನೆಯ ನಗು ಈಗ ಸರಿಯಾದ ವಿಳಾಸಕ್ಕೆ ಬಂದಂತಿತ್ತು. ಅವಳು ಕಷ್ಟಪಟ್ಟು ತಲೆಯೆತ್ತಿದಳು. ಎದುರಿನ ಕುರ್ಚಿಯಲ್ಲಿ ಕೂತವಳ ಮುಖದಲ್ಲಿ ಕ್ಷಮೆಯನ್ನೋ ಗೆಲುವನ್ನೋ ಹುಡುಕುವುದಿಲ್ಲ ಎಂದು ಮೊದಲೇ ತೀರ್ಮಾನಿಸಿಕೊಂಡಿದ್ದಳು. ಸಿಕ್ಕದ್ದು ಎರಡೂ ಅಲ್ಲ. ಒಂದು ಗುಟುಕು ಗಾಳಿ ನುಂಗಿ, "ಎಷ್ಟು ಬಂತು ಮೇಡಂ?" ಎಂದು ಕೇಳಿದಳು ಹುಡುಗಿ.

"ನಾನೂರ ಹದಿಮೂರು."

"ಹಾಗಾದ್ರೆ ಗ್ರೇಟಿಂಗ್ ಇನ್ನೂ ಬದಲಾಯಿಸಿಲ್ಲ."

ಬಾಗಿಲ ಬಳಿ ನೀರಿನ ಲೋಟಗಳನ್ನು ಹಿಡಿದು ನಿಂತಿದ್ದ ಅಟೆಂಡರ್ ಕೆಮ್ಮಿ ನಗು ನುಂಗಿದ. ಪ್ರಿನ್ಸಿಪಾಲರು ಕಿಟಕಿಯ ಕಡೆ ನೋಡಿದರು. ಅವಳು ಕಪ್ಪು ರಟ್ಟಿನ ರಿಜಿಸ್ಟರನ್ನು ತೆರೆದು, ದುಂಡನೆಯ ಅಕ್ಷರದ ಆ ಎರಡು ವಾಕ್ಯಗಳ ಕೆಳಗೆ, ಒಂದು ಪದವನ್ನೂ ಬದಲಿಸದೆ, ತನ್ನ ಮೊನಚು ಅಕ್ಷರದಲ್ಲಿ ಅವನ್ನೇ ಬರೆದಳು: ನಾನು ಕಾಣದ ಗೆರೆಯನ್ನು ಕಂಡೆನೆಂದು ಬರೆದಿದ್ದೇನೆ. ಇದು ನನ್ನ ತಪ್ಪು. ತಾನು ಓದಿದ ವರ್ಷ ಹಾಕಿದಳು, ಇವತ್ತಿನ ತಾರೀಖು ಹಾಕಿದಳು, ಸಹಿ ಮಾಡಿದಳು. ಆಮೇಲೆ ರಿಜಿಸ್ಟರನ್ನು ತಿರುಗಿಸಿ, ಪೆನ್ನನ್ನು ಅದರ ಮೇಲಿಟ್ಟು, ಮೇಜಿನ ಆಚೆಗೆ ನಿಧಾನಕ್ಕೆ ತಳ್ಳಿದಳು.

ಹುಡುಗಿ ಮೊದಲು ಕೆಳಗಿನದನ್ನು ಓದಿದಳು. ಬಹಳ ಹೊತ್ತು ಓದಿದಳು. ಮೇಲಿನದು, ತನ್ನದು, ಓದಲಿಲ್ಲ, ಅದು ಬಾಯಿಪಾಠವಾಗಿದ್ದಿರಬೇಕು. ಹಸಿರು ಉಗುರಿನ ಬೆರಳುಗಳು ಪೆನ್ನನ್ನು ಎತ್ತಿಕೊಂಡವು. ಬಣ್ಣ ಹೊಂದಿಸಿ ಹೊಂದಿಸಿ ಪಳಗಿದ ಕೈ. ತನ್ನ ಹಳೆಯ ಸಾಲಿನ ಮೇಲೆ, ಅಕ್ಷರಗಳು ಓದಲು ಬರುವಂತೆ ಉಳಿಸಿ, ಆ ತುದಿಯಿಂದ ಈ ತುದಿಗೆ ಒಂದೇ ಒಂದು ಗೆರೆ ಹೊಡೆದು, ಪಕ್ಕದಲ್ಲಿ ಸಹಿ ಮಾಡಿದಳು. ಪ್ರಯೋಗಾಲಯದ ಬಾಗಿಲಿಗೆ ಅಂಟಿಸಿದ್ದ ನಿಯಮದಂತೆ, ಅದನ್ನು ಬರೆದವಳು ಮರೆತಿದ್ದ ನಿಯಮದಂತೆ.

"ಕೇಳಿ ಸರ್" ಎಂದಳು, ಹೊರಗಿನ ಸದಸ್ಯರ ಕಡೆ ತಿರುಗಿ. "ನಾನು ಸಿದ್ಧ."

ಅವರು ಗಂಟಲು ಸರಿಮಾಡಿಕೊಂಡು ಹೈಡ್ರೋಜನ್ ಬಿಟ್ಟು ಬೇರೆ ಏನನ್ನೋ ಕೇಳಿದರು. ಮುಖ್ಯಸ್ಥೆಯ ಕುರ್ಚಿಯಲ್ಲಿದ್ದವಳ ಕಿವಿಗೆ ಪ್ರಶ್ನೆ ಬೀಳಲಿಲ್ಲ. ಅವಳು ತೆರೆದ ರಿಜಿಸ್ಟರನ್ನು ನೋಡುತ್ತಿದ್ದಳು. ಯಾರಿಗೂ ತಿಳಿಯದಂತೆ, ಕಣ್ಣು ನೋಯುತ್ತಿದೆಯೆಂಬಂತೆ ಅಂಗೈಯನ್ನು ಒಂದು ಕಣ್ಣಿನ ಮೇಲಿಟ್ಟಳು, ಆಮೇಲೆ ಇನ್ನೊಂದರ ಮೇಲೆ. ಗೆರೆ ಎರಡಕ್ಕೂ ಕಂಡಿತು.